ಹೈವೇ ಮೇಲೆ ನೆಲ ಹಾಸೋದು ಸರಿ, ಆ ನೆಲದ ಪತ್ರ ಯಾರ ಹೆಸರಲ್ಲಿ?

ಹೋದ ಸಂಚಿಕೇಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದ ಸೇಂಟ್ ಪಾಲ್ ಊರಿಂದ ನಮ್ಮ ಓದುಗರೊಬ್ರು ಬರೆದಿದ್ದ ಒಂದು ಪ್ರಶ್ನೆ ಹಾಕಿದ್ವಿ, ಉತ್ತರಕ್ಕೆ ಜಾಗ ಸಾಲದೆ ಮುಂದಕ್ಕೆ ಹಾಕಿದ್ದೆ. ಅಷ್ಟರಲ್ಲಿ ಅದೇ ವಿಷಯದ ಮೇಲೆ ಬೇರೆ ಬೇರೆ ಊರುಗಳಿಂದ ಪತ್ರ ಬಂದ್ವು. ಹಂಗಾಗಿ ಈ ಸಲ ಪೂರ್ತಿ ಅದೇ ಒಂದು ವಿಷಯ, ಬೇರೆ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡ್ಕೊಳ್ಳಿ.

ಪ್ರಶ್ನೆ: ನಮ್ಮ ಮನೆ ಇಂಟರ್‌ಸ್ಟೇಟ್ 94 ಹೈವೇಗೆ ಹತ್ರ. ಈ ಹೈವೇ ರೋಂಡೋ ಅನ್ನೋ ಆಫ್ರಿಕನ್-ಅಮೆರಿಕನ್ನರ ಏರಿಯಾನ ಸೀಳ್ಕೊಂಡು ಹೋಗಿದೆಯಂತೆ. ಈಗ ಅದರ ಮೇಲೆ ಸುಮಾರು ಅರ್ಧ ಮೈಲಿ ಉದ್ದ ಮುಚ್ಚಿಗೆ ಹಾಕಿ, ಮೇಲೆ ಮನೆ, ಅಂಗಡಿ, ಪಾರ್ಕು ಕಟ್ಟಿ ಎರಡೂ ಕಡೆ ಜೋಡಿಸ್ಬೇಕು ಅಂತ ಒಂದು ಸಂಸ್ಥೆ ಓಡಾಡ್ತಿದೆ. ಒಳ್ಳೆ ಕೆಲಸ ತಾನೆ? ಆದ್ರೆ ಪಕ್ಕದ ಮನೆ ಅಜ್ಜಿಗೆ ಖುಷಿಗಿಂತ ಭಯಾನೇ ಜಾಸ್ತಿ. ಯಾಕಿರಬಹುದು? — ಸೇಂಟ್ ಪಾಲ್‌ನಿಂದ ಒಬ್ಬ ಓದುಗರು

ಉತ್ತರ: ಅಜ್ಜಿ ಭಯಪಡೋದು ಸುಮ್ಮನೆ ಅಲ್ಲ. ಹಿಂದೆ ಒಂದು ಸಲ "ಊರು ಉದ್ಧಾರ ಮಾಡ್ತೀವಿ" ಅಂತ ಬಂದವರು ಅವರ ಮನೆ ಬಾಗಿಲಿಗೇ ಬಂದಿದ್ರು.

ರೋಂಡೋ ಅವೆನ್ಯೂ ಅಂದ್ರೆ ಸೇಂಟ್ ಪಾಲ್‌ನ ಕಪ್ಪು ಜನರ ಜೀವನಾಡಿ, ಚರ್ಚು, ಕಟಿಂಗ್ ಶಾಪು, ದಿನಸಿ ಅಂಗಡಿ, ಕ್ಲಬ್ಬು ಎಲ್ಲ ಅಲ್ಲೇ, ಊರಿನ ಕಪ್ಪು ಕುಟುಂಬಗಳಲ್ಲಿ ಬಹುಪಾಲು ಅಲ್ಲೇ ಇದ್ವು, ಎಷ್ಟೋ ಜನ ಸ್ವಂತ ಮನೆ ಮಾಡ್ಕೊಂಡಿದ್ರು, ಅದೂ ಬ್ಯಾಂಕುಗಳು ಇಂಥ ಏರಿಯಾಗಳಿಗೆ ಸಾಲ ಕೊಡೋಕೆ ಹಿಂದೇಟು ಹಾಕ್ತಿದ್ದ ಕಾಲದಲ್ಲಿ. 1956ರಲ್ಲಿ ಹೈವೇ ಕಾಯ್ದೆ ಬಂತು, ಇಂಟರ್‌ಸ್ಟೇಟ್ ರಸ್ತೆಗೆ ರಾಜ್ಯ 10 ಡಾಲರ್ ಹಾಕಿದ್ರೆ ಕೇಂದ್ರ 90 ಡಾಲರ್ ಕೊಡ್ತಿತ್ತು, ಯಾವ ಊರು ಬೇಡ ಅನ್ನುತ್ತೆ? 1956ರಿಂದ 1968ರ ಒಳಗೆ ರೋಂಡೋದಲ್ಲಿ 600ರಿಂದ 700 ಮನೆ, ಸುಮಾರು 300 ಅಂಗಡಿ-ವ್ಯಾಪಾರ ನೆಲಸಮ ಆದ್ವು.

ಜಾರ್ಜ್ ಡೇವಿಸ್ ಅಂತ ಒಬ್ಬ ಹಿರಿಯ ಪಾದ್ರಿ ಇದ್ರು. ಮನೆ ಬಿಡಲ್ಲ ಅಂತ ಕೋವಿ ಹಿಡ್ಕೊಂಡು ಜಗಲಿ ಮೇಲೆ ಕೂತ್ರು. ಪೊಲೀಸರು ಬಂದು ಎಬ್ಬಿಸಿದ್ರು, ಅಷ್ಟೇ ಅಲ್ಲ, ಮತ್ತೆ ಒಳಗೆ ಹೋಗಿ ವಾಸ ಮಾಡೋಕಾಗಬಾರ್ದು ಅಂತ ಮನೆಯವರ ಕಣ್ಣೆದುರೇ ಗೋಡೆಗೆ ತೂತು ಹೊಡೆದು ಕಿಟಕಿ ಒಡೆದು ಹಾಕಿದ್ರು. ಅದನ್ನ ನೋಡ್ತಾ ನಿಂತಿದ್ದ ಪುಟ್ಟ ಮೊಮ್ಮಗನೇ ಮುಂದೆ ಎನ್‌ಎಎಸಿಪಿ ಅನ್ನೋ ಕಪ್ಪು ಜನರ ಹಕ್ಕಿಗೆ ಹೋರಾಡೋ ಸಂಘಟನೆಯ ಸೇಂಟ್ ಪಾಲ್ ಶಾಖೆಗೆ ಅಧ್ಯಕ್ಷ ಆದ ನಥಾನಿಯಲ್ ಖಾಲಿಕ್.

ಪರಿಹಾರ ಕೊಡ್ಲಿಲ್ವಾ ಅಂತ ಕೇಳ್ತೀರ. ಮನೆಗೆ ಅಂತ ಒಂದಿಷ್ಟು ಕೊಟ್ರು, ಆದ್ರೆ ಒಕ್ಕಲೆಬ್ಬಿಸಿದವರಿಗೆ ಬೇರೆ ಕಡೆ ನೆಲೆ ಮಾಡ್ಕೊಡ್ಲೇಬೇಕು ಅನ್ನೋ ಕೇಂದ್ರದ ಕಾಯ್ದೆ ಬಂದಿದ್ದೇ 1970ರಲ್ಲಿ, ಅಷ್ಟೊತ್ತಿಗೆ ಹೈವೇ ಮೇಲೆ ಗಾಡಿ ಓಡ್ತಿತ್ತು. ಚರ್ಮದ ಬಣ್ಣ ನೋಡಿ ಮನೆ ಕೊಡಲ್ಲ ಅನ್ನೋದು ಇಡೀ ದೇಶದಲ್ಲಿ ಕಾನೂನುಬಾಹಿರ ಆಗಿದ್ದು 1968ರಲ್ಲಿ. ಅಂದ್ರೆ ಕೈಯಲ್ಲಿ ದುಡ್ಡಿದ್ರೂ ಇವರಿಗೆ ಬೇರೆ ಏರಿಯಾದಲ್ಲಿ ಮನೆ ಕೊಡೋರಿರಲಿಲ್ಲ! ಇದು ಒಂದೂರಿನ ಕತೆ ಅಲ್ಲ, ಇಂಟರ್‌ಸ್ಟೇಟ್‌ನ ಮೊದಲ ಎರಡು ದಶಕದಲ್ಲಿ ದೇಶದಾದ್ಯಂತ 4,75,000 ಕುಟುಂಬ, ಹತ್ತು ಲಕ್ಷಕ್ಕೂ ಜಾಸ್ತಿ ಜನ ಮನೆ ಕಳ್ಕೊಂಡ್ರು ಅಂತ ಅಲ್ಲಿನ ಸಾರಿಗೆ ಇಲಾಖೆಯೇ ಒಪ್ಕೊಂಡಿದೆ.

ಈಗಿನ ಭಯಕ್ಕೆ ಬರೋಣ. ಈ ಸಲ ಬುಲ್ಡೋಜರ್ ಬರಲ್ಲ, ರೇಟು ಬರುತ್ತೆ. ಡಲ್ಲಾಸ್‌ನಲ್ಲಿ ಹೈವೇ ಮೇಲೆ ಮುಚ್ಚಿಗೆ ಹಾಕಿ 2012ರಲ್ಲಿ ಕ್ಲೈಡ್ ವಾರನ್ ಪಾರ್ಕ್ ತೆರೆದ್ರು, ಬರೀ ಐದೆಕರೆ ಚಿಲ್ಲರೆ, ಸುತ್ತಮುತ್ತ ಜಾಗದ ಬೆಲೆ, ಆಫೀಸು ಬಾಡಿಗೆ ಎಲ್ಲ ಜಿಗಿದ್ವು. ಅಟ್ಲಾಂಟಾದಲ್ಲಿ ಹಳೇ ರೈಲು ಹಳಿ ಉದ್ದಕ್ಕೂ ನಡೆಯೋ ದಾರಿ ಮಾಡಿದ ಬೆಲ್ಟ್‌ಲೈನ್ ಇದೆಯಲ್ಲ, ಅದರ ಕಲ್ಪನೆ ಕೊಟ್ಟ ರಯಾನ್ ಗ್ರಾವೆಲ್ ಅವರೇ 2016ರಲ್ಲಿ ಮಂಡಳಿಗೆ ರಾಜೀನಾಮೆ ಕೊಟ್ರು, ಅಲ್ಲಿರೋ ಜನಕ್ಕೆ ಕೈಗೆಟಕೋ ಮನೆ ಬಗ್ಗೆ ಯಾರೂ ಸಾಕಷ್ಟು ತಲೆ ಕೆಡಿಸ್ಕೊಳ್ತಿಲ್ಲ ಅಂತ. ಬೆಲೆ ಏರೋದು ಕೆಲಸ ಮುಗಿದ ಮೇಲಲ್ಲ, ನಕ್ಷೆ ಪೇಪರಲ್ಲಿ ಬಂದ ದಿನದಿಂದಲೇ. ನಿಮ್ಮ ಪಕ್ಕದ ಮನೆ ಅಜ್ಜಿಗೆ ಇದು ಗೊತ್ತಿದೆ.

ಪ್ರಶ್ನೆ: ನಾನು ಸಿವಿಲ್ ಇಂಜಿನಿಯರಿಂಗ್ ಓದ್ತಿದೀನಿ. ಆಗ ಬೇರೆ ದಾರೀನೇ ಇರಲಿಲ್ವಾ ಸರ್? — ದಾವಣಗೆರೆಯ ವಿದ್ಯಾರ್ಥಿ

ಉತ್ತರ: ಇತ್ತಪ್ಪ. ಜಾರ್ಜ್ ಹೆರಾಲ್ಡ್ ಅಂತ ಸೇಂಟ್ ಪಾಲ್ ನಗರದ್ದೇ ಪ್ಲಾನಿಂಗ್ ಇಂಜಿನಿಯರ್, ಸ್ವಲ್ಪ ಉತ್ತರಕ್ಕೆ ರೈಲು ಹಳಿ ಪಕ್ಕದಲ್ಲಿ ರಸ್ತೆ ತಗೊಂಡು ಹೋಗಿ, ಅಲ್ಲಿ ಮನೆ ಕಮ್ಮಿ ಅಂತ ಪಟ್ಟು ಹಿಡಿದು ಹೇಳಿದ್ರು. ಯಾರೂ ಕೇಳಲಿಲ್ಲ, ಸೇಂಟ್ ಪಾಲ್, ಪಕ್ಕದ ಮಿನ್ನೆಯಾಪೊಲಿಸ್ ಎರಡೂ ಊರಿನ ಪೇಟೆ ಮಧ್ಯೆ ನೇರ ದಾರಿ ಬೇಕಿತ್ತು. ನಿಮ್ಮ ಕ್ಲಾಸಲ್ಲಿ ಅಲೈನ್‌ಮೆಂಟ್ ಪಾಠ ಬರುತ್ತಲ್ಲ, ಭೂಸ್ವಾಧೀನದ ಖರ್ಚು ಕಮ್ಮಿ ಇರೋ ಕಡೆ ರಸ್ತೆ ಎಳೀಬೇಕು ಅಂತ ಹೇಳಿಕೊಡೋವಾಗ ಅಲ್ಲಿ ಖರ್ಚು ಯಾಕೆ ಕಮ್ಮಿ ಇದೆ ಅನ್ನೋ ಪ್ರಶ್ನೇನೂ ಕೇಳಿ. ಸಾಲ ಸಿಗದ ಹಾಗೆ ಮಾಡಿ ಬೆಲೆ ಇಳಿಸಿದ್ದೂ ಅದೇ ವ್ಯವಸ್ಥೆ, ಬೆಲೆ ಕಮ್ಮಿ ಅಂತ ಅಲ್ಲೇ ರಸ್ತೆ ಎಳೆದಿದ್ದೂ ಅದೇ ವ್ಯವಸ್ಥೆ.

2015ರಲ್ಲಿ ಸೇಂಟ್ ಪಾಲ್ ಮೇಯರ್ ಕ್ರಿಸ್ ಕೋಲ್ಮನ್ ಮತ್ತು ರಾಜ್ಯ ಸಾರಿಗೆ ಇಲಾಖೆ ಮುಖ್ಯಸ್ಥ ಚಾರ್ಲಿ ಝೆಲ್ಲೆ ಇಬ್ರೂ ರೋಂಡೋ ಜನರ ಕ್ಷಮೆ ಕೇಳಿದ್ರು.

ಪ್ರಶ್ನೆ: ಜಾಗದ ಬೆಲೆ ಏರಿದ್ರೆ ಅಲ್ಲಿರೋರಿಗೇ ಲಾಭ ಅಲ್ವಾ? ನಮ್ಮಲ್ಲಿ ರಿಂಗ್ ರೋಡ್ ಬರುತ್ತೆ ಅಂದ್ರೆ ಜನ ಕುಣಿದಾಡ್ತಾರೆ! ಇವರು ಯಾಕೆ ಅಳ್ತಾರೆ ಅರ್ಥ ಆಗ್ತಿಲ್ಲ. — ತುಮಕೂರಿನಿಂದ

ಉತ್ತರ: ಕುಣಿದಾಡೋದು ಪತ್ರ ಕೈಯಲ್ಲಿರೋರು. ಬಾಡಿಗೆ ಮನೇಲಿರೋರು ಯಾವತ್ತಾದ್ರೂ ಕುಣಿದಿದ್ದು ನೋಡಿದೀರಾ? ರೋಂಡೋದಲ್ಲಿ ಅಜ್ಜ ಸ್ವಂತ ಮನೇಲಿದ್ದ, ಮನೆ ಹೋಯ್ತು, ಮಗ ಬಾಡಿಗೆಗೆ ಬಂದ, ಮೊಮ್ಮಗನೂ ಬಾಡಿಗೇಲೇ ಇದಾನೆ. ಆ ಮನೆಗಳು ಉಳಿದಿದ್ರೆ ಕುಟುಂಬಗಳ ಕೈಲಿ ಎಷ್ಟು ಆಸ್ತಿ ಇರ್ತಿತ್ತು ಅಂತ ಮುಚ್ಚಿಗೆಗಾಗಿ ಓಡಾಡ್ತಿರೋ ರೀಕನೆಕ್ಟ್ ರೋಂಡೋ ಸಂಸ್ಥೆ ಲೆಕ್ಕ ಹಾಕಿಸಿತ್ತು, ಕಮ್ಮಿ ಅಂದ್ರೂ 15.7 ಕೋಟಿ ಡಾಲರ್ ಅಂತ ಬಂತು. ಬೆಲೆ ಇಳಿದಿದ್ದಾಗ ನಷ್ಟ ಇವರದ್ದು, ಈಗ ಏರೋ ಹೊತ್ತಿಗೆ ಪತ್ರ ಬೇರೆಯವರ ಹೆಸರಲ್ಲಿ.

ಇನ್ನು ಸ್ವಂತ ಮನೆ ಉಳಿಸ್ಕೊಂಡಿರೋ ವಯಸ್ಸಾದವರ ಕಷ್ಟ ಬೇರೆ ಥರದ್ದು. ಅಮೆರಿಕದಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಅಂದ್ರೆ ನಮ್ಮ ಕಂದಾಯದ ಹಾಗೆ ಚಿಲ್ಲರೆ ಅಲ್ಲ, ಮಾರುಕಟ್ಟೆ ಬೆಲೆ ನೋಡಿ ಹಾಕ್ತಾರೆ, ವರ್ಷಕ್ಕೆ ಸಾವಿರಗಟ್ಟಲೆ ಡಾಲರ್. ಪಿಂಚಣಿ ಅಷ್ಟೇ ಇರುತ್ತೆ, ಟ್ಯಾಕ್ಸ್ ಏರ್ತಾ ಹೋಗುತ್ತೆ, ಮನೆ ಮಾರಿದ್ರೆ ದುಡ್ಡೇನೋ ಬರುತ್ತೆ ಆದ್ರೆ ಅದೇ ಓಣೀಲಿ ಇನ್ನೊಂದು ಮನೆ ಕೊಳ್ಳೋಕಾಗಲ್ಲ, ಚರ್ಚಿಗೆ ಹತ್ತು ಮೈಲಿ ದೂರ ಆಗುತ್ತೆ, ಕಷ್ಟ-ಸುಖಕ್ಕೆ ಬಾಗಿಲು ಬಡೀತಿದ್ದ ಪಕ್ಕದ ಮನೆಯವರು ಇರಲ್ಲ. ಅದಕ್ಕೇ ಹಳೇ ಮನೆಯವರ ಟ್ಯಾಕ್ಸ್‌ಗೆ ಮಿತಿ ಹಾಕಬೇಕು, ಏರಿದ ಭಾಗ ತುಂಬೋಕೆ ನಿಧಿ ಇಡಬೇಕು ಅಂತ ಕೇಳ್ತಾರೆ, ಅಟ್ಲಾಂಟಾದ ಪಶ್ಚಿಮ ಭಾಗದಲ್ಲಿ ಇಂಥ ನಿಧಿ ಮಾಡಿದ್ರು ಕೂಡ. ಬಾಡಿಗೆಯವರ ವಿಷಯಕ್ಕೆ ಬಂದ್ರೆ, 2021ರ ನವೆಂಬರ್‌ನಲ್ಲಿ ಸೇಂಟ್ ಪಾಲ್ ಮತದಾರರು ವರ್ಷಕ್ಕೆ 3%ಗಿಂತ ಜಾಸ್ತಿ ಬಾಡಿಗೆ ಏರಿಸಂಗಿಲ್ಲ ಅಂತ ತೀರ್ಪು ಕೊಟ್ರು, ಆಮೇಲೆ ಕೌನ್ಸಿಲ್‌ನವರು ಹೊಸ ಕಟ್ಟಡಕ್ಕೆ ಬೇಡ, ಇಂಥದ್ದಕ್ಕೆ ಬೇಡ ಅಂತ ಸಡಿಲ ಮಾಡ್ತಾ ಬಂದ್ರು. ಬಾಡಿಗೆ ಮಿತಿ ಬೇಕು, ಆದ್ರೆ ಅದೊಂದೇ ನಂಬ್ಕೊಂಡು ಕೂರೋಕಾಗಲ್ಲ, ಇವತ್ತಿನ ಕೌನ್ಸಿಲ್ ಕೊಟ್ಟಿದ್ದನ್ನ ನಾಳೆ ಕೌನ್ಸಿಲ್ ಕಿತ್ಕೊಳ್ಳುತ್ತೆ.

ಪ್ರಶ್ನೆ: ಹಂಗಾದ್ರೆ ತಡೆಯೋದು ಹೆಂಗ್ರಿ? ಬರೇ ಸಮಸ್ಯೆ ಹೇಳಬ್ಯಾಡ್ರಿ, ದಾರಿ ಹೇಳ್ರಿ. — ಹುಬ್ಬಳ್ಳಿಯಿಂದ

ಉತ್ತರ: ಹೇಳ್ತೀನ್ರಿ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ನೆಲ ಮಾರುಕಟ್ಟೆಯಿಂದ ಹೊರಗೆ ತರೋದು, ಅದೂ ಮುಚ್ಚಿಗೆಯ ಮೊದಲನೇ ಕಂಬ ನಿಲ್ಲೋಕ್ಕಿಂತ ಮುಂಚೆ. ಇದಕ್ಕೆ ಅಲ್ಲಿ ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್ ಅಂತಾರೆ, ರೋಂಡೋದಲ್ಲೇ 1993ರಿಂದ ಒಂದಿದೆ.

ನೆಲ ಟ್ರಸ್ಟಿನದ್ದು, ಮನೆ ನಿಮ್ಮದು. ನೆಲಾನ 99 ವರ್ಷಕ್ಕೆ ಲೀಸಿಗೆ ಕೊಡ್ತಾರೆ, ಮಕ್ಕಳಿಗೆ ಬರೆದುಕೊಡಬಹುದು. ಲೆಕ್ಕಕ್ಕೆ ಅಂತ ಹಿಡ್ಕೊಳ್ಳಿ, ಮಾರುಕಟ್ಟೇಲಿ 3 ಲಕ್ಷ ಡಾಲರ್ ಬಾಳೋ ಮನೆ. ನೆಲದ ಭಾಗ ಟ್ರಸ್ಟೇ ಹಾಕ್ಕೊಂಡು ನಿಮಗೆ ಮನೆ 2 ಲಕ್ಷಕ್ಕೆ ಕೊಡ್ತು. ಹತ್ತು ವರ್ಷ ಆದ್ಮೇಲೆ ಹೈವೇ ಮೇಲೆ ಪಾರ್ಕು ಬಂದು ಅದೇ ಮನೆ 5 ಲಕ್ಷ ಆಯ್ತು. ನೀವು ಮಾರೋವಾಗ ಏರಿದ 2 ಲಕ್ಷದಲ್ಲಿ ಕಾಲು ಭಾಗ ನಿಮಗೆ ಅಂತ ಕರಾರಿದ್ರೆ, 2 ಲಕ್ಷದ 50 ಸಾವಿರಕ್ಕೆ ಮಾರ್ತೀರ, ಅಷ್ಟರಲ್ಲಿ ತೀರಿಸಿರೋ ಸಾಲದ ಅಸಲೂ ನಿಮ್ಮ ಕೈಗೇ ಬರುತ್ತೆ. ಆಮೇಲೆ ಬರೋ ಕುಟುಂಬಕ್ಕೆ 5 ಲಕ್ಷದ ಮನೆ ಎರಡೂವರೆ ಲಕ್ಷಕ್ಕೆ ಸಿಗುತ್ತೆ. ಸರ್ಕಾರ ಒಂದೇ ಸಲ ದುಡ್ಡು ಹಾಕಿದ್ರೂ ಮೂರು ನಾಲ್ಕು ಕುಟುಂಬ ಅದರ ನೆರಳಲ್ಲಿ ಬಾಳ್ತಾವೆ.

ಈ ಐಡಿಯಾ ಎಲ್ಲಿಂದ ಹೋಯ್ತು ಗೊತ್ತಾ? ಅಮೆರಿಕದ ಮೊದಲ ಇಂಥ ಟ್ರಸ್ಟ್ 1969ರಲ್ಲಿ ಜಾರ್ಜಿಯಾದಲ್ಲಿ ಶುರುವಾದ ನ್ಯೂ ಕಮ್ಯುನಿಟೀಸ್, ಕಟ್ಟಿದವರು ನಾಗರಿಕ ಹಕ್ಕು ಹೋರಾಟದ ಚಾರ್ಲ್ಸ್ ಶೆರಾಡ್, ಶರ್ಲಿ ಶೆರಾಡ್, ಸ್ಲೇಟರ್ ಕಿಂಗ್ ಮತ್ತು ಅವರ ಜೊತೆ ರಾಬರ್ಟ್ ಸ್ವಾನ್. ಮತದಾನಕ್ಕೆ ಹೆಸರು ಹಚ್ಚಿದ್ರು ಅಂತ ಕಪ್ಪು ರೈತರನ್ನ ಜಮೀನಿಂದ ಓಡಿಸ್ತಿದ್ರು, ಹಂಗಾಗಿ ಯಾರೂ ಕಿತ್ಕೊಳ್ಳೋಕಾಗದ ನೆಲ ಬೇಕಿತ್ತು. ಸ್ವಾನ್‌ಗೆ ದಾರಿ ತೋರಿಸಿದ್ದರಲ್ಲಿ ನಮ್ಮ ವಿನೋಬಾ ಭಾವೆ ಅವರ ಗ್ರಾಮದಾನವೂ ಒಂದು, ಊರಿನ ನೆಲ ಊರಿನ ಹೆಸರಲ್ಲಿರಲಿ, ಉಳುಮೆ ಮಾತ್ರ ಮನೆಮನೆಯವರು ಮಾಡ್ಲಿ ಅನ್ನೋ ಮಾತು. ಅದೇ ಗ್ರಾಮದಾನದ ಮೇಲೆ 1957ರಲ್ಲಿ ನಮ್ಮ ಮೈಸೂರು ಪಕ್ಕದ ಯಲವಾಲದಲ್ಲಿ ಸಮ್ಮೇಳನ ಆಗಿ ನೆಹರೂ ಕೂಡ ಬಂದಿದ್ರು. ಯಲವಾಲದಲ್ಲಿ ಚರ್ಚೆ ಆದ ವಿಚಾರ ಸಾವಿರಾರು ಮೈಲಿ ದೂರ ಸೇಂಟ್ ಪಾಲ್‌ನ ಒಂದು ಮನೆಯ ಲೀಸ್ ಪತ್ರದ ತನಕ ಹೋಗಿ ಮುಟ್ಟಿದೆ ಅಂದ್ರೆ ನನಗೆ ಮೈ ಜುಂ ಅನ್ನುತ್ತೆ. ಆದ್ರೆ ಇದೂ ಹೇಳ್ಬೇಕು, ನ್ಯೂ ಕಮ್ಯುನಿಟೀಸ್‌ನವರು ಸುಮಾರು 5,700 ಎಕರೆ ಮಾಡಿ, ಬರಗಾಲ ಬಂದಾಗ ಸರ್ಕಾರಿ ಸಾಲದಲ್ಲಿ ಭೇದಭಾವ ಅನುಭವಿಸಿ 1985ರಲ್ಲಿ ಅಷ್ಟೂ ಕಳ್ಕೊಂಡ್ರು. ನೆಲ ಟ್ರಸ್ಟ್ ಹೆಸರಲ್ಲಿದ್ರೆ ಸಾಲದು, ಅದರ ಮೇಲೆ ಸಾಲದ ಹೊರೆ ಇರಬಾರ್ದು.

ಅಂಗಡಿಗಳಿಗೂ ಇದೇ ಮಾತು. ರೋಂಡೋ ಟ್ರಸ್ಟಿನವರು ಸೆಲ್ಬಿ ಅವೆನ್ಯೂನಲ್ಲಿ ಮೇಲೆ ವಯಸ್ಸಾದವರಿಗೆ ಮನೆ, ಕೆಳಗೆ ಸ್ಥಳೀಯ ಸಣ್ಣ ವ್ಯಾಪಾರಿಗಳಿಗೆ ಅಂಗಡಿ ಅಂತ ಕಟ್ಟಿದಾರೆ. ಮನೆ ಉಳಿಸಿ ಅಂಗಡಿ ಬಿಟ್ರೆ, ಕಟಿಂಗ್ ಶಾಪ್ ಇದ್ದ ಜಾಗದಲ್ಲಿ ದುಬಾರಿ ಕಾಫಿ ಅಂಗಡಿ ಬಂದು ಕೂರುತ್ತೆ, ಹಳಬರಿಗೆ ತಮ್ಮ ಬೀದೀಲಿ ಕೂತು ಮಾತಾಡೋಕೆ ಜಾಗ ಇರಲ್ಲ.

ಆಮೇಲೆ ಮುಖ್ಯವಾದ್ದು, ಮುಚ್ಚಿಗೆ ಮೇಲೆ ಹುಟ್ಟೋ ಹೊಸ ನೆಲ. ಅದು ಯಾರಪ್ಪನದ್ದೂ ಅಲ್ಲದ ನೆಲ, ಮೊದಲು ಯಾರ ಮನೆ ಇತ್ತೋ ಅದರ ತಲೆ ಮೇಲೇ ಬರೋ ನೆಲ. ಡೆಟ್ರಾಯಿಟ್‌ನಲ್ಲಿ ಬ್ಲ್ಯಾಕ್ ಬಾಟಮ್, ಹೇಸ್ಟಿಂಗ್ಸ್ ಬೀದಿ ಅನ್ನೋ ಕಪ್ಪು ಜನರ ಏರಿಯಾಗಳನ್ನ ಅಳಿಸಿ ಹಾಕಿದ ಐ-375 (ಅಂದ್ರೆ ಇಂಟರ್‌ಸ್ಟೇಟ್ 375) ಹೈವೇ ತೆಗೆದು ಮಾಮೂಲಿ ರಸ್ತೆ ಮಾಡ್ತೀವಿ ಅಂದಾಗ ಸುಮಾರು 30 ಎಕರೆ ಉಳಿಯುತ್ತೆ ಅಂತ ಲೆಕ್ಕ ಬಂತು, ತಕ್ಷಣ ಜಗಳ ಶುರುವಾಗಿದ್ದು ಅದು ಯಾರಿಗೆ ಅಂತ. ಹರಾಜಿಗೆ ಇಟ್ರೆ ದುಡ್ಡಿದ್ದೋನು ತಗೋತಾನೆ. ಹರಾಜು ಬೇಡ, ಟ್ರಸ್ಟಿಗೆ ಕೊಡಿ ಅಂತ ಕಾಗದದ ಮೇಲೆ ಬರೆಸ್ಕೊಳ್ಳೋವರೆಗೆ ಯಾರೂ ಸಹಿ ಹಾಕಬಾರ್ದು ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ: ಒಂದು ಅನುಮಾನ. ಬಿಳಿಯರು ಮನೆ ಮಾರಿ ಪೂರ್ತಿ ಲಾಭ ತಗೊಂಡ್ರು. ಈಗ ಕಪ್ಪು ಜನರ ಸರದಿ ಬಂದಾಗ ಕಾಲು ಭಾಗ ತಗೊಳ್ಳಿ, ಮಿಕ್ಕಿದ್ದು ಸಮುದಾಯಕ್ಕೆ ಅನ್ನೋದು ನ್ಯಾಯಾನಾ? — ಶಿವಮೊಗ್ಗದಿಂದ ನಿವೃತ್ತ ಶಿಕ್ಷಕಿ

ಉತ್ತರ: ಮೇಡಂ, ಈ ಪ್ರಶ್ನೆ ಓದಿ ನಾನು ಎರಡು ದಿನ ಸುಮ್ಮನೆ ಕೂತೆ. ಅಲ್ಲಿನ ಕಪ್ಪು ಕುಟುಂಬಗಳೂ ಇದನ್ನೇ ಕೇಳ್ತಾರೆ, ತಪ್ಪಲ್ಲ.

ನನಗನಿಸೋದು ಇದು. ಅಜ್ಜನ ಮನೆ ಕಿತ್ಕೊಂಡಿದ್ದಕ್ಕೆ ಮೊಮ್ಮಗನಿಗೆ ಬರಬೇಕಾದ್ದು ಒಂದು ಲೆಕ್ಕ, ಓಣಿಯಲ್ಲಿ ಕಮ್ಮಿ ದುಡ್ಡಿನವರು ಉಳೀಬೇಕು ಅನ್ನೋದು ಇನ್ನೊಂದು ಲೆಕ್ಕ. ಮೊದಲನೇದಕ್ಕೆ ಕೈಗೆ ದುಡ್ಡು ಕೊಡಬೇಕು, ಕರಾರಿಲ್ಲದೆ, ಅವನು ಎಲ್ಲಿ ಬೇಕಾದ್ರೂ ಮನೆ ತಗೊಳ್ಳಲಿ. ಎರಡನೇದಕ್ಕೆ ಟ್ರಸ್ಟ್. ಎರಡನೇದನ್ನ ಕೊಟ್ಟು ಮೊದಲನೇದೂ ತೀರ್ತು ಅಂದ್ರೆ ಅದು ಅನ್ಯಾಯಾನೇ. ಸೇಂಟ್ ಪಾಲ್ ನಗರದವರು 2023ರಲ್ಲಿ ಇನ್‌ಹೆರಿಟೆನ್ಸ್ ಫಂಡ್ ಅಂತ ಶುರು ಮಾಡಿದ್ರು, ಹಳೇ ರೋಂಡೋದಲ್ಲಿ ಆಸ್ತಿ ಕಳ್ಕೊಂಡವರ ನೇರ ವಂಶದವರಿಗೆ ಮನೆ ಕೊಳ್ಳೋಕೆ, ರಿಪೇರಿಗೆ ಸಹಾಯ. ಗಾತ್ರ ಚಿಕ್ಕದು, ದಿಕ್ಕು ಸರಿ ಇದೆ.

ಪ್ರಶ್ನೆ: ಅರವತ್ತು ವರ್ಷದ ಹಿಂದೆ ಚದುರಿ ಹೋದವರನ್ನ ವಾಪಸ್ ಕರೆಸೋದು ಸಾಧ್ಯಾನಾ? — ಮಂಗಳೂರಿನಿಂದ

ಉತ್ತರ: ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರು ಪ್ರಯತ್ನ ಮಾಡಿದೆ. ಅಲ್ಲಿ ಆಲ್ಬೈನಾ ಅನ್ನೋ ಕಪ್ಪು ಜನರ ಏರಿಯಾಗೆ ಮೊದಲು ಸ್ಟೇಡಿಯಂ, ಆಮೇಲೆ ಐ-5 ಹೈವೇ, ಆಮೇಲೆ 1970ರ ದಶಕದ ಶುರುವಲ್ಲಿ ಇಮ್ಯಾನುಯೆಲ್ ಆಸ್ಪತ್ರೆ ವಿಸ್ತರಣೆ, ಮೂರು ಸಲ ಏಟು ಬಿತ್ತು. ಆಸ್ಪತ್ರೆಗೆ ಅಂತ ಸುಮಾರು 300 ಮನೆ-ಅಂಗಡಿ ಕೆಡವಿದ್ರು, ಕೇಂದ್ರದ ದುಡ್ಡು ನಿಂತುಹೋಯ್ತು, ಕೆಡವಿದ ಜಾಗ ದಶಕಗಟ್ಟಲೆ ಖಾಲಿ ಹುಲ್ಲು ಬೆಳ್ಕೊಂಡು ಬಿದ್ದಿತ್ತು. ಮನೆ ಕಳ್ಕೊಂಡವರ ಮಕ್ಕಳು ಮೊಮ್ಮಕ್ಕಳು 2022ರಲ್ಲಿ ಕೇಸ್ ಹಾಕಿದ್ರು, 2025ರಲ್ಲಿ ನಗರ 85 ಲಕ್ಷ ಡಾಲರ್ ಕೊಡೋಕೆ ಒಪ್ಪಿತು.

ಅದೇ ಏರಿಯಾದಲ್ಲಿ ನಗರದ ದುಡ್ಡಿನಿಂದ ಕಟ್ಟೋ ಮನೆಗಳಿಗೆ ಪಾಯಿಂಟ್ ಪದ್ಧತಿ ತಂದ್ರು. ನೀವು, ನಿಮ್ಮ ಅಪ್ಪ-ಅಮ್ಮ ಅಥವಾ ಅಜ್ಜ-ಅಜ್ಜಿ ಇಂಥ ಬೀದೀಲಿ ಇದ್ರಿ ಅಂತ ತೋರಿಸಿದ್ರೆ ಪಾಯಿಂಟ್, ಸರ್ಕಾರ ಆಸ್ತಿ ಕಿತ್ಕೊಂಡಿದ್ರೆ ಇನ್ನೂ ಜಾಸ್ತಿ, ಪಾಯಿಂಟ್ ಜಾಸ್ತಿ ಇರೋರಿಗೆ ಮೊದಲು ಮನೆ. ಇದರಲ್ಲಿ ಬಣ್ಣದ ಹೆಸರು ಎಲ್ಲೂ ಬರಲ್ಲ, ವಿಳಾಸ ಮಾತ್ರ, ಅದಕ್ಕೇ ಕಾನೂನಿನ ಮುಂದೆ ನಿಲ್ಲುತ್ತೆ. ಆದ್ರೆ ಒಂದು ಎಚ್ಚರ, ಬಾಡಿಗೆಗಿದ್ದವರ ಹತ್ರ ದಾಖಲೆ ಇರಲ್ಲ. ಚರ್ಚಿನ ರಿಜಿಸ್ಟರು, ಶಾಲೆ ದಾಖಲೆ, ಹಳೇ ಟೆಲಿಫೋನ್ ಡೈರೆಕ್ಟರಿ ಇವನ್ನೂ ಸಾಕ್ಷಿ ಅಂತ ಒಪ್ಕೋಬೇಕು, ಇಲ್ಲಾಂದ್ರೆ ಅತಿ ಹೆಚ್ಚು ಕಳ್ಕೊಂಡವರೇ ಸಾಲಿನ ಕೊನೇಲಿ ನಿಲ್ಲಬೇಕಾಗುತ್ತೆ.

ಪ್ರಶ್ನೆ: ಇದಕ್ಕೆಲ್ಲ ದುಡ್ಡು ಎಲ್ಲಿಂದ? — ಕಲಬುರಗಿಯಿಂದ

ಉತ್ತರ: 2021ರ ಕೇಂದ್ರ ಕಾಯ್ದೇಲಿ ಹೀಗೆ ಸೀಳಿಹೋದ ಏರಿಯಾಗಳನ್ನ ಜೋಡಿಸೋಕೆ ಅಂತ 100 ಕೋಟಿ ಡಾಲರ್ ಇಟ್ರು, ಮರುವರ್ಷ ಇನ್ನೊಂದು ಕಾಯ್ದೇಲಿ ಅದಕ್ಕಿಂತ ದೊಡ್ಡ ಮೊತ್ತ. ಮಿನ್ನೆಸೋಟಾ ರಾಜ್ಯ 62 ಲಕ್ಷ, 2023ರಲ್ಲಿ ಕೇಂದ್ರ 20 ಲಕ್ಷ ಡಾಲರ್ ರೋಂಡೋ ಯೋಜನೆ ತಯಾರಿಗೆ ಕೊಟ್ವು. ಪೋರ್ಟ್‌ಲ್ಯಾಂಡ್‌ಗೆ ಇಂಥದ್ದೇ ಕೆಲಸಕ್ಕೆ 2024ರಲ್ಲಿ 45 ಕೋಟಿ ಡಾಲರ್ ಘೋಷಣೆ ಆಯ್ತು, 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಹೊಸ ಕಾಯ್ದೆ ತಂದು ಇನ್ನೂ ಒಪ್ಪಂದ ಆಗದ ಹಣ ವಾಪಸ್ ತಗೊಂಡ್ತು, ಅದರಲ್ಲಿ ಪೋರ್ಟ್‌ಲ್ಯಾಂಡ್‌ನದ್ದೂ ಬಹುಪಾಲು ಹೋಯ್ತು. ಕಾಂಕ್ರೀಟಿಗೆ ಕೇಂದ್ರ ಬೇಕೇ ಬೇಕು. ಆದ್ರೆ ನೆಲ ಕೊಂಡು ಇಡೋದಕ್ಕೆ, ಟ್ಯಾಕ್ಸ್ ಮಿತಿಗೆ, ಬಾಡಿಗೆಯವರ ರಕ್ಷಣೆಗೆ ಕೇಂದ್ರ ಬರೋತನಕ ಕಾಯ್ಬೇಕಿಲ್ಲ. ಮುಚ್ಚಿಗೆ ತಡ ಆಗ್ತಿರೋ ಈ ಹೊತ್ತಲ್ಲೇ, ರೇಟು ಇನ್ನೂ ಹಾರಿಲ್ಲದಾಗಲೇ ನೆಲ ಕೊಳ್ಳೋದು ಸಲೀಸು.

ವಾಷಿಂಗ್ಟನ್‌ನಲ್ಲಿ 11ನೇ ಬೀದಿ ಸೇತುವೆ ಪಾರ್ಕಿನವರು ಹೀಗೇ ಮಾಡಿದ್ರು, 2015ರಲ್ಲೇ ಒಕ್ಕಲೆಬ್ಬಿಸದ ಹಾಗೆ ನೋಡ್ಕೊಳ್ಳೋ ಯೋಜನೆ ಬರೆದು, ಪಾರ್ಕಿನ ಕೆಲಸಕ್ಕಿಂತ ಮುಂಚೆ ಲ್ಯಾಂಡ್ ಟ್ರಸ್ಟ್ ಕಟ್ಟಿ, ಮನೆ ಕೊಳ್ಳೋರಿಗೆ ತರಬೇತಿ ಶುರು ಮಾಡಿದ್ರು.

ಹೋರಾಡಿದ್ರೆ ಸಿಗುತ್ತೆ ಅನ್ನೋದಕ್ಕೆ ರೋಂಡೋ ಪಕ್ಕದಲ್ಲೇ ಉದಾಹರಣೆ ಇದೆ. ಯೂನಿವರ್ಸಿಟಿ ಅವೆನ್ಯೂ ಮೇಲೆ 2014ರಲ್ಲಿ ಗ್ರೀನ್ ಲೈನ್ ರೈಲು ಶುರುವಾಯ್ತು, ಮೊದಲ ನಕ್ಷೇಲಿ ಬಡವರು, ಕಪ್ಪು ಜನ, ವಲಸಿಗರು ಜಾಸ್ತಿ ಇರೋ ಕಡೆಯೇ ಸ್ಟೇಷನ್ ಇರಲಿಲ್ಲ, ರೈಲು ಅವರ ಮನೆ ಮುಂದೆ ಹಂಗೇ ಹೋಗಿಬಿಡ್ತಿತ್ತು. ಜನ ಬೀದಿಗಿಳಿದು, ಕೇಂದ್ರದ ನಿಯಮಾನೇ ಬದಲಾಗೋವರೆಗೆ ಬಿಡದೆ ಹ್ಯಾಮ್‌ಲಿನ್, ವಿಕ್ಟೋರಿಯಾ, ವೆಸ್ಟರ್ನ್ ಅಂತ ಮೂರು ಸ್ಟೇಷನ್ ಹಾಕಿಸ್ಕೊಂಡ್ರು.

ಪ್ರಶ್ನೆ: ಇದು ಮೊದಲು ಬರೆದ ನಮ್ಮದೇ ಪ್ರಶ್ನೆಯ ಬಾಲ. ನಾವೂ ಈಗ ಬಾಡಿಗೆಗಿದೀವಿ, ಅಲ್ಲೇ ಮನೆ ಕೊಳ್ಳೋ ಆಸೆ ಇದೆ, ನಮ್ಮಿಬ್ರದ್ದೂ ಐಟಿ ಸಂಬಳ. ನಾವು ಕೊಂಡ್ರೆ ನಾವೂ ಅಜ್ಜಿಯಂಥವರನ್ನ ಓಡಿಸಿದ ಹಾಗೆ ಆಗುತ್ತಾ? — ಸೇಂಟ್ ಪಾಲ್‌ನಿಂದ

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮ್ಮಿಬ್ರ ಮೇಲೆ ಗೌರವ ಜಾಸ್ತಿ ಆಯ್ತು. ಮನೆ ಕೊಳ್ಳಬೇಡಿ ಅಂತ ನಾನು ಹೇಳಲ್ಲ, ಒಂದು ಕುಟುಂಬ ಕೊಳ್ಳದೇ ಇದ್ರೆ ರೇಟು ನಿಲ್ಲಲ್ಲ. ಆದ್ರೆ ಹೆಂಗೆ ಕೊಳ್ತೀರ ಅನ್ನೋದು ನಿಮ್ಮ ಕೈಲಿದೆ. ಬಾಡಿಗೆಯವರನ್ನ ಖಾಲಿ ಮಾಡಿಸಿ ಮಾರ್ತಿರೋ ಮನೆ ಬೇಡ. ವಯಸ್ಸಾದವರಿಗೆ ದಿನಾ ಫೋನ್ ಮಾಡಿ "ಕ್ಯಾಶ್ ಕೊಡ್ತೀವಿ, ಮಾರಿ" ಅಂತ ಪೀಡಿಸಿ ಕಮ್ಮಿ ರೇಟಿಗೆ ತಗೊಂಡು ಮೂರು ತಿಂಗಳಲ್ಲಿ ಬಣ್ಣ ಬಳಿದು ದುಪ್ಪಟ್ಟಿಗೆ ಮಾರೋರ ಹತ್ರ ಬೇಡ, ಮನೆ ಹಳೇ ಮಾಲೀಕರು ಎಷ್ಟಕ್ಕೆ ಕೊಟ್ರು ಅಂತ ಕೌಂಟಿ ದಾಖಲೇಲಿ ಯಾರು ಬೇಕಾದ್ರೂ ನೋಡಬಹುದು, ನೋಡಿ. ಕೊಂಡ ಮೇಲೆ ಏರಿಯಾ ಮೀಟಿಂಗಿಗೆ ಹೋಗಿ, ಲ್ಯಾಂಡ್ ಟ್ರಸ್ಟಿನ ಮನೆಗಳು, ಕಮ್ಮಿ ಬಾಡಿಗೆ ಅಪಾರ್ಟ್‌ಮೆಂಟ್ ಕಟ್ಟೋ ವಿಷಯ ಬಂದಾಗ "ನಮ್ಮ ಮನೆ ರೇಟು ಇಳಿಯುತ್ತೆ" ಅಂತ ಕೈ ಎತ್ತೋರ ಗುಂಪಲ್ಲಿ ನೀವು ಇರಬೇಡಿ, ಎದ್ದು ನಿಂತು ಬೇಕು ಅನ್ನಿ. ಅಲ್ಲಿ ನಿಮ್ಮ ಒಂದು ಮಾತಿಗೆ ತುಂಬ ತೂಕ ಇದೆ.

ಇನ್ನೊಂದು. 1983ರಿಂದ ಜುಲೈನಲ್ಲಿ ಅಲ್ಲಿ ರೋಂಡೋ ಡೇಸ್ ಅಂತ ಮಾಡ್ತಾ ಬಂದಿದಾರೆ, ಚದುರಿ ಹೋದವರೆಲ್ಲ ಊರಹಬ್ಬಕ್ಕೆ ಬಂದ ಹಾಗೆ ಬಂದು ಸೇರ್ತಾರೆ. ಈ ಸಲ ಅಜ್ಜಿ ಜೊತೆ ನೀವೂ ಹೋಗಿ. ಅಜ್ಜಿ ಹುಟ್ಟಿದ ಮನೆ ಹೈವೇಯ ಯಾವ ಲೇನಿನ ಕೆಳಗಿದೆ, ಅದರ ಅಂಗಳದಲ್ಲಿ ಏನು ಬೆಳೀತಿದ್ರು ಅಂತ ಕೇಳಿ, ಅವರು ಒಪ್ಪಿದ್ರೆ ಬರೆದು ಕಳಿಸಿ, ಹೆಸರಿಲ್ಲದೆ ಹಾಕ್ತೀವಿ.